ನೋವಿಲ್ಲದ ಗಂಟು

ಅಣ್ಣನ ಕುತ್ತಿಗೆಯ ಬಲಗಡೆ ಒಂದು ಗಂಟು ಎದ್ದಿತ್ತು. ಶೇವ್ ಮಾಡುವಾಗ ಕೈಗೆ ಸಿಕ್ಕಿದ್ದು. ನೋವಿರಲಿಲ್ಲ, ಜ್ವರವೂ ಇರಲಿಲ್ಲ. "ನೋವೇ ಇಲ್ಲ ಅಂದ್ಮೇಲೆ ಡಾಕ್ಟರ್ ಯಾಕೆ?" ಅಂತ ಅವನ ವಾದ. ಎರಡು ವಾರ ದಾಟಿದರೂ ಅದು ಇಳಿಯಲಿಲ್ಲ. ಅತ್ತಿಗೆ ಹಠ ಹಿಡಿದರು. ನಾನೂ ಜೊತೆಗೆ ಹೊರಟೆ.

ಇಎನ್‌ಟಿ ಡಾಕ್ಟರು ಗಂಟನ್ನು ಮುಟ್ಟುವ ಮೊದಲೇ ಪ್ರಶ್ನೆ ಶುರು ಮಾಡಿದರು. ಇತ್ತೀಚೆಗೆ ಗಂಟಲು ಕೆಟ್ಟಿತ್ತಾ? ಹಲ್ಲು ನೋವು? ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು ಬರುತ್ತಾ? ತೂಕ ಇಳಿದಿದೆಯಾ? ದನಿ ಒಡೆದಿದೆಯಾ? ತಂಬಾಕಿನ ಅಭ್ಯಾಸ? ಊಟದ ಹೊತ್ತಿಗೆ ಊದಿ ಆಮೇಲೆ ಇಳಿಯುತ್ತಾ ಅಂತಲೂ ಕೇಳಿದರು. ಜೊಲ್ಲು ಬರುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಹಾಗಾಗುತ್ತದಂತೆ. ಆಮೇಲೆ ಬಾಯಿಗೆ ಟಾರ್ಚ್ ಬಿಟ್ಟು ನಾಲಿಗೆಯ ಅಡಿ, ಟಾನ್ಸಿಲ್, ಕಿವಿಯ ಹಿಂದೆ, ತಲೆಯ ಚರ್ಮ ಎಲ್ಲ ನೋಡಿದರು. ಒಂದು ಗುಟುಕು ನೀರು ನುಂಗಿಸಿದರು. ಥೈರಾಯ್ಡ್ ಗಂಟಾದರೆ ನುಂಗುವಾಗ ಮೇಲಕ್ಕೆ ಸರಿಯುತ್ತದೆ. ಅಣ್ಣನದು ಸರಿಯಲಿಲ್ಲ.

ನೋವಿಲ್ಲ ಅನ್ನುವ ಅವನ ವಾದಕ್ಕೆ ಡಾಕ್ಟರು ಕೊಟ್ಟ ಉತ್ತರವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಶೀತ, ಗಂಟಲು ನೋವು, ಹಲ್ಲಿನ ಸೋಂಕು ಬಂದಾಗ ಕುತ್ತಿಗೆಯ ಗ್ರಂಥಿಗಳು ಊದುವುದು ಸಹಜ. ಅವು ಸಾಮಾನ್ಯವಾಗಿ ಮೆತ್ತಗಿರುತ್ತವೆ, ಮುಟ್ಟಿದರೆ ನೋಯುತ್ತವೆ, ಬೆರಳಿಗೆ ಅತ್ತಿತ್ತ ಜಾರುತ್ತವೆ. ಕಾಯಿಲೆ ಹೋದ ಮೇಲೆ ತಾವೇ ಇಳಿಯುತ್ತವೆ. ನೋವೇ ಇಲ್ಲದೆ ಗಟ್ಟಿಯಾಗಿ, ಒಂದೇ ಕಡೆ ಅಂಟಿಕೊಂಡು ಬೆಳೆಯುವ ಗಂಟೇ ಅವರಿಗೆ ಜಾಸ್ತಿ ಚಿಂತೆ. ಕೊರಳ ಮೂಳೆಯ ಮೇಲೆ ಕಾಣಿಸಿಕೊಂಡರಂತೂ ಎರಡು ವಾರ ಕಾಯುವುದೂ ಬೇಡ ಅಂದರು. ನಲವತ್ತು ದಾಟಿದವರು, ತಂಬಾಕು ಬಳಸುವವರು ಇನ್ನೂ ಬೇಗ ಬರಬೇಕು. ಮೂರು ವಾರವಾದರೂ ದನಿ ಸರಿಹೋಗದಿದ್ದರೆ ಗಂಟು ಇಲ್ಲದಿದ್ದರೂ ತೋರಿಸಬೇಕು.

ಇನ್ನು ಕುತ್ತಿಗೆ ಬೇಗಬೇಗ ಊದುತ್ತಿದ್ದು, ಉಸಿರಾಡಲು ಕಷ್ಟ, ಜೊಲ್ಲೂ ನುಂಗಲಾಗದು, ಬಾಯಿ ತೆರೆಯಲಾಗದು ಅಂದರೆ ಅಪಾಯಿಂಟ್‌ಮೆಂಟ್ ಮಾತೇ ಇಲ್ಲ. ನೇರ ಎಮರ್ಜೆನ್ಸಿಗೆ ಓಡಬೇಕು. ಹುಳುಕು ಹಲ್ಲಿನ ಸೋಂಕು ದವಡೆಯ ಅಡಿಗೆ ಇಳಿದರೂ ಹೀಗಾಗಬಹುದು.

ಸ್ಕ್ಯಾನ್ ಆಯಿತು. ಆಮೇಲೆ ಸಣ್ಣ ಸೂಜಿಯಲ್ಲಿ ಗಂಟಿನಿಂದ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು. ಸೂಜಿ ಚುಚ್ಚಿದರೆ ರೋಗ ಹರಡುತ್ತೆ ಅಂತ ಯಾರೋ ಅತ್ತಿಗೆಯ ತಲೆಗೆ ತುಂಬಿದ್ದರು. ಅವರ ಕೈ ನಡುಗುತ್ತಿತ್ತು. ಈ ಪರೀಕ್ಷೆಯಿಂದ ಹಾಗೆ ಹರಡುವ ಭಯ ಬೇಡ ಅಂತ ಡಾಕ್ಟರು ಅವರನ್ನು ಕೂರಿಸಿಕೊಂಡು ಹೇಳಿದರು. ಆ ತಾಳ್ಮೆಗೆ ನಾನು ಇವತ್ತಿಗೂ ಋಣಿ. ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಎಲ್ಲರ ಮನಸ್ಸಿನಲ್ಲೂ ಕ್ಯಾನ್ಸರ್ ಅನ್ನುವ ಒಂದೇ ಮಾತು, ಬಾಯಿಗೆ ಮಾತ್ರ ಯಾರೂ ತರಲಿಲ್ಲ.

ಬಂದದ್ದು ಗ್ರಂಥಿಯ ಟಿಬಿ. ಎದೆಯ ಎಕ್ಸ್‌ರೇ ಚೆನ್ನಾಗಿತ್ತು. ಮಕ್ಕಳನ್ನು ದೂರ ಇಡಬೇಕಾ ಅಂತ ಅತ್ತಿಗೆ ಕೇಳಿದರು. ಗ್ರಂಥಿಯಲ್ಲಿ ಮಾತ್ರ ಇರುವ ಟಿಬಿ ಉಸಿರಿನಿಂದ ಹರಡುವುದಿಲ್ಲ, ಸುಮ್ನೆ ಹೆದರಬೇಡಿ ಅಂದರು. ಸಾಮಾನ್ಯವಾಗಿ 6 ತಿಂಗಳು ಮಾತ್ರೆ, ಒಂದು ದಿನವೂ ತಪ್ಪಿಸಬಾರದು. ಔಷಧಿ ಶುರುವಾದ ಮೇಲೆ ಗಂಟು ಒಮ್ಮೊಮ್ಮೆ ಇನ್ನಷ್ಟು ಊದುವುದೂ ಉಂಟು, ಹಾಗಾದರೆ ಬಂದು ತೋರಿಸಿ, ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ ಅಂತ ಮೊದಲೇ ಎಚ್ಚರಿಸಿದ್ದರು. ಹಾಗೇ ಆಯಿತು. ಅಣ್ಣ ಈ ಸಲ ಯಾರೂ ಹೇಳುವ ಮೊದಲೇ ಹೋಗಿ ತೋರಿಸಿ ಬಂದ. ಮಾತ್ರೆ ಮುಂದುವರಿಸಿದ. ಕೋರ್ಸ್ ಮುಗಿಯುವ ಹೊತ್ತಿಗೆ ಗಂಟು ಇಳಿದಿತ್ತು.