ಕಪ್ ಇಲ್ಲದ ಟೀ

14 ಮಾರ್ಚ್ 2024, ಗುರುವಾರ, ರಾತ್ರಿ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಎಡಿಟರ್ ಫೋನು. "ಮೇಡಂ, ಹನ್ನೆರಡನೇ ನಿಮಿಷ ಒಂದ್ಸಲ ನೋಡಿ. ಅಲ್ಲಿ ಕಪ್ಪೇ ಇಲ್ವಲ್ಲ?"

ನೋಡಿದೆ. ಕಾರಿನಲ್ಲಿ ಇಬ್ಬರು ಹುಡುಗಿಯರು. ಒಬ್ಬಳು ಹಿಂದಿನ ರಾತ್ರಿ ಪಾರ್ಟಿಗೆ ಹೋಗಿ ಬಂದವಳು. ಇನ್ನೊಬ್ಬಳು ಸೀಟಿನಲ್ಲಿ ಪೂರ್ತಿ ಅವಳ ಕಡೆ ತಿರುಗಿ, ಕಣ್ಣರಳಿಸಿ, 'ಸ್ಪಿಲ್ ದ ಟೀ' ಅನ್ನುತ್ತಾಳೆ. ಕೆಳಗೆ ನಾನು ಬರೆದ ಕನ್ನಡ ಸಬ್‌ಟೈಟಲ್: 'ಚಹಾ ಚೆಲ್ಲು.'

ರಾತ್ರಿ ಒಂದು ಗಂಟೆಗೆ ನಿದ್ದೆಗಣ್ಣಲ್ಲಿ ಬರೆದೆ ಅಂತ ನೆಪ ಹೇಳಬಹುದು. ಮಾನ ಹೋಗಿದ್ದು ಹೋಯಿತು.

ಅಲ್ಲಿ ಟೀ ಅಂದರೆ ಒಳಗಿನ ಸುದ್ದಿ. ಅಮೆರಿಕದಲ್ಲಿ ಹೆಣ್ಣುವೇಷ ಹಾಕಿ ಕುಣಿದು ರಂಜಿಸುವ ಡ್ರ್ಯಾಗ್ ಕಲಾವಿದರಿದ್ದಾರಲ್ಲ, ಅವರಲ್ಲೂ ಆಫ್ರಿಕನ್ ಅಮೆರಿಕನ್ನರ ಬಳಗದಿಂದ ಬಂದ ಮಾತು. ಮೊದಲು ಅದು ಕುಡಿಯುವ ಟೀ ಅಲ್ಲ, ಬರೀ ಒಂದಕ್ಷರ. ಟ್ರೂತ್‌ನ 'ಟಿ'. ಅಮೆರಿಕದ ಸವಾನಾ ನಗರದ ಬಗ್ಗೆ ಜಾನ್ ಬೆರೆಂಟ್ 1994ರಲ್ಲಿ ತಂದ ಪುಸ್ತಕದಲ್ಲಿ ಲೇಡಿ ಶಬ್ಲೀ ಎಂಬ ಡ್ರ್ಯಾಗ್ ಕಲಾವಿದೆ ತನ್ನ ಸ್ವಂತ ವಿಷಯಕ್ಕೆ 'ಮೈ ಟಿ' ಅನ್ನುತ್ತಾಳೆ. ಕಿವಿಗೆ ಎರಡೂ ಒಂದೇ ತಾನೆ? ಅಕ್ಷರ ಸುಮ್ನೆ ಜಾರಿ ಕಪ್ಪಿನೊಳಗೆ ಬಿತ್ತು.

ಆದರೆ ಟೀಗೂ ಚಾಡಿಗೂ ನಂಟು ಇದಕ್ಕಿಂತ ಎಷ್ಟೋ ಹಳೆಯದು. ಫ್ರಾನ್ಸಿಸ್ ಗ್ರೋಸ್ ಎಂಬ ಇಂಗ್ಲಿಷ್ ಮಹಾಶಯ 1785ರಲ್ಲಿ ಬೀದಿಮಾತಿನ ನಿಘಂಟು ತಂದಿದ್ದ. ಅದರ 1811ರ ಆವೃತ್ತಿಯಲ್ಲಿ ಟೀಗೆ ಕೊಟ್ಟ ಹೆಸರು 'ಸ್ಕ್ಯಾಂಡಲ್ ಬ್ರಾತ್'. ಚಾಡಿಸಾರು ಅನ್ನೋಣವೇ? ಇನ್ನೊಂದು 'ಚಾಟರ್ ಬ್ರಾತ್', ಹರಟೆಸಾರು. ಇದನ್ನು ಓದಿ ಒಬ್ಬಳೇ ಕೂತು ನಕ್ಕೆ. ಕೆಲಸ ಅಲ್ಲಿಗೆ ನಿಂತಿತು.

ಲಂಡನ್ನಿನ ಪೂರ್ವ ಭಾಗದ ದುಡಿಯುವ ಜನ, ಅಂದರೆ ಕಾಕ್ನಿಗಳ ಬಾಯಲ್ಲಿ 'ಟೀ ಲೀಫ್' ಅಂದರೆ ಕಳ್ಳ. ಥೀಫ್‌ಗೆ ಪ್ರಾಸ, ಅಷ್ಟೇ. ಬೇರೆ ಯಾವ ತರ್ಕವೂ ಇಲ್ಲ. ಹಾಗಾದರೆ ಕುಡಿಯುವ ಟೀಗೆ ಏನನ್ನುತ್ತಾರೆ? 'ರೋಸಿ ಲೀ.' ಅದೂ ಪ್ರಾಸವೇ. ಟೀ ಎಲೆ ಕಳ್ಳನಾಯಿತು, ಟೀ ಹೆಂಗಸಾಯಿತು! ಉತ್ತರ ಇಂಗ್ಲೆಂಡಿನಲ್ಲಂತೂ ಎಷ್ಟೋ ಮನೆಗಳಲ್ಲಿ ಟೀ ಅಂದರೆ ರಾತ್ರಿಯ ಊಟ. ಟೀಗೆ ಕರೆದರು ಅಂತ ಊಟ ಮಾಡಿಕೊಂಡು ಹೋದವರ ಗತಿ ಅಷ್ಟೇ. 1930ರ ದಶಕದ ನ್ಯೂಯಾರ್ಕಿನಲ್ಲಿ ಜಾಜ್ ಬಳಗದವರು ಟೀ ಅನ್ನುತ್ತಿದ್ದದ್ದು ಗಾಂಜಾಕ್ಕೆ. ಅದನ್ನು ಸೇದಲು ಸೇರುವ ಜಾಗ 'ಟೀ ಪ್ಯಾಡ್'. ಗಾಂಜಾ ಬಗ್ಗೆ ತನಿಖೆಗೆ ನ್ಯೂಯಾರ್ಕ್ ಮೇಯರ್ ನೇಮಿಸಿದ್ದ ಲಾಗಾರ್ಡಿಯಾ ಸಮಿತಿಯ 1944ರ ವರದಿಯಲ್ಲೂ ಈ ಮಾತಿದೆ. ಸದ್ಯ, ನನ್ನ ಹುಡುಗಿಯರು ಆ ಕಾಲದವರಲ್ಲ.

ಸರಿ, ಕನ್ನಡಕ್ಕೆ ಏನು ಮಾಡಲಿ? ಸಾಲು ಪರದೆ ಮೇಲೆ ಇರುವುದು ಎರಡು ಸೆಕೆಂಡ್ ಮಾತ್ರ. 'ಬಾಯಿ ಬಿಡು' ಅಂದರೆ ಪೊಲೀಸರ ದನಿ. 'ಗುಟ್ಟು ಹೇಳು' ಅಂದರೆ ಚಿಕ್ಕ ಮಕ್ಕಳ ಆಟ. 'ಕಕ್ಕು' ಅಂತ ಬರೆದು ತಕ್ಷಣ ಅಳಿಸಿದೆ, ಹುಡುಗಿ ಕಾರಿನಲ್ಲಿ ಕೂತಿದ್ದಾಳೆ, ನೋಡುವವರು ಏನೇನೋ ಅಂದುಕೊಂಡಾರು. 'ಸುದ್ದಿ ಏನು?' ಅಂದರೆ ಟಿವಿ ನಿರೂಪಕಿ. ಮಧ್ಯಾಹ್ನದವರೆಗೂ ಇದೇ ಗುದ್ದಾಟ.

ಕೊನೆಗೆ ಬರೆದದ್ದು: 'ಏನೇನಾಯ್ತು, ಎಲ್ಲಾ ಹೇಳೇ!' ಟೀಯೂ ಇಲ್ಲ, ಚೆಲ್ಲುವುದೂ ಇಲ್ಲ. ಆದರೆ ಕೊನೆಯ ಆ 'ಹೇಳೇ' ಇದೆಯಲ್ಲ, ಅದರಲ್ಲಿ ಸಲುಗೆ, ಆತುರ, ಸ್ವಲ್ಪ ಹೊಟ್ಟೆಕಿಚ್ಚು ಎಲ್ಲಾ ಬಂತು. ಇಂಗ್ಲಿಷಿನವರಿಗೆ ಅಷ್ಟಕ್ಕೆ ಒಂದು ಕೆಟಲ್ ಟೀ ಬೇಕಾಯಿತು.

ಕಳಿಸಿದೆ. ಸಂಜೆ ಎಡಿಟರ್ ಮೆಸೇಜ್: "ಈಗ ಸೂಪರ್. ಮೂವತ್ತೊಂದನೇ ನಿಮಿಷದಲ್ಲಿ ಒಂದು 'ಸಿಕ್' ಇದೆ, ಅದನ್ನೂ ನೋಡಿಬಿಡಿ ಮೇಡಂ."

ನೋಡಿದೆ. ಹುಡುಗನೊಬ್ಬ ಸ್ಕೇಟ್‌ಬೋರ್ಡ್ ಮೇಲಿಂದ ಹಾರಿ, ಗಾಳಿಯಲ್ಲೇ ಪಲ್ಟಿ ಹೊಡೆದು, ನೆಟ್ಟಗೆ ಇಳಿಯುತ್ತಾನೆ. ಗೆಳೆಯರೆಲ್ಲ ಕೇಕೆ ಹಾಕುತ್ತಿದ್ದಾರೆ. ಕೆಳಗೆ ನನ್ನ ಸಾಲು: 'ಇವನಿಗೆ ಹುಷಾರಿಲ್ಲ.'