ತಿಪಟೂರಿನಿಂದ ಮುಳಬಾಗಿಲಿಗೆ, ಅತ್ತೆಯ ಜೊತೆ ಕ್ಯಾರವಾನ್‌ನಲ್ಲಿ

ತಿಪಟೂರಿನಿಂದ ಮುಳಬಾಗಿಲಿಗೆ ಹೋಗುವವರು ಬೆಂಗಳೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಕೋಲಾರದ ಮೇಲೆ ಹೋಗುತ್ತಾರೆ. ಬೆಳಿಗ್ಗೆ ಬೇಗ ಹೊರಟರೆ ಸಂಜೆಯೊಳಗೆ ತಲುಪಬಹುದು. ನಾವು ಬೆಂಗಳೂರಿನ ಕಡೆ ತಲೆಯನ್ನೇ ಹಾಕಲಿಲ್ಲ. ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ ಅಂತ ಸುತ್ತಿಕೊಂಡು, ದಾರಿಯಲ್ಲೇ ಬೇಯಿಸಿ ತಿಂದು, ಗಾಡಿಯಲ್ಲೇ ಮಲಗಿ ಎದ್ದು ಹೋದೆವು. ಇದಕ್ಕೆಲ್ಲ ಕಾರಣ ನಮ್ಮ ಅತ್ತೆ.

ಸೊಸೆ ಹೆರಿಗೆಗೆ ಮುಳಬಾಗಿಲಿನ ತವರಿಗೆ ಹೋಗಿದ್ದಳು. ಹೆಣ್ಣು ಮಗು ಅಂತ ಫೋನ್ ಬಂದ ದಿನವೇ ಅತ್ತೆ ಟ್ರಂಕು ಕೆಳಗಿಳಿಸಿ ಅಂದರು. ಅವರಿಗೆ ಎಂಬತ್ತು ದಾಟಿದೆ. ಮಂಡಿ ಮಡಚಲು ಬರುವುದಿಲ್ಲ. ಸಕ್ಕರೆ ಕಾಯಿಲೆ ಬೇರೆ, ಗಂಟೆಗೊಮ್ಮೆ ಎದ್ದು ಹೋಗಬೇಕು. ನಮ್ಮ ಹೆಂಗಸರು ಪ್ರಯಾಣದ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಯಾಕೆ ಅಂತ ಹೆಂಗಸರಿಗೆ ಹೇಳಬೇಕಾಗಿಲ್ಲ. ಗಂಡಸರಿಗೆ ಹೇಳಿದರೂ ಪೂರ್ತಿ ತಿಳಿಯುವುದಿಲ್ಲ. ಅತ್ತೆ ಊರು ಬಿಟ್ಟು ಹೊರಗೆ ಹೋಗುವುದನ್ನು ನಿಲ್ಲಿಸಿದ್ದೇ ಇದಕ್ಕೆ.

"ವಿಡಿಯೋ ಕಾಲ್ ಮಾಡಿ ತೋರಿಸ್ತೀನಿ ಅಜ್ಜಿ" ಅಂದ ಮಗ.

"ಫೋನಿನಲ್ಲಿ ಕೂಸಿನ ತಲೆ ವಾಸನೆ ಬರ್ತದೇನೋ?" ಅಂದರು.

ಆಮೇಲೆ ಅವನೇ ಬೆಂಗಳೂರಿನಲ್ಲಿ ಡ್ರೈವರ್ ಸಮೇತ ಒಂದು ಕ್ಯಾರವಾನ್ ಗೊತ್ತು ಮಾಡಿ ಕಳಿಸಿದ. ಟೆಂಪೋ ಟ್ರಾವೆಲರ್‌ನ ಸೀಟು ಕಿತ್ತು ಮನೆ ಮಾಡಿದ್ದರು. ಎರಡು ಮಂಚ, ಪುಟ್ಟ ಫ್ರಿಜ್, ಸಿಂಕು, ಗ್ಯಾಸ್ ಒಲೆ, ಚಾವಣಿ ಮೇಲೆ ನೀರಿನ ಟ್ಯಾಂಕು. ಟಿವಿಯೂ ಇತ್ತು, ಯಾರೂ ಹಾಕಲಿಲ್ಲ. ಹಿಂಭಾಗದಲ್ಲಿ ಬೀರುವಿನಷ್ಟು ಜಾಗದಲ್ಲಿ ಪಾಯಿಖಾನೆ. ಬಾಡಿಗೆ ಕೊಟ್ಟಿದ್ದು ಆ ಬೀರುವಿಗೆ ಅಂತಲೇ ನಾನು ಅಂದುಕೊಂಡಿದ್ದೇನೆ.

ಅತ್ತೆ ಒಳಗೆ ಬಂದು ಒಂದೊಂದೇ ಬಾಗಿಲು ತೆಗೆದು ನೋಡಿದರು. "ಒಲೆಯಿಂದ ಎರಡು ಮಾರು ಇಲ್ಲ, ಅಲ್ಲೇ ಪಾಯಿಖಾನೆ. ಇದರೊಳಗೆ ಬೇಯಿಸಿದ್ದು ನಾನು ತಿನ್ನಲ್ಲ" ಅಂದರು.

ಯಜಮಾನರು ಸ್ವಲ್ಪ ಯೋಚಿಸಿ, "ಪಾಯಿಖಾನೆ ಹೊರಗೆ ಇಡೋಕೆ ಆಗಲ್ಲವ್ವ. ಒಲೆ ಇಡಬಹುದು" ಅಂದರು. ಮನೆಯಿಂದ ಒಂದು ಚಿಕ್ಕ ಸಿಲಿಂಡರ್ ಒಲೆ ಹಾಕಿಕೊಂಡೆವು. ಇಡೀ ದಾರಿ ಅಡುಗೆ ನಡೆದದ್ದು ಹೊಂಗೆ ಮರದ ಕೆಳಗೆ, ಬೇವಿನ ಮರದ ಕೆಳಗೆ. ಅದೇ ಚೆನ್ನಾಗಿತ್ತು.

ಮಗು ಹುಟ್ಟಿದ್ದು ಧನುರ್ಮಾಸದಲ್ಲಿ. ಹಾಗಾಗಿ ತೊಟ್ಟಿಲು ಶಾಸ್ತ್ರವನ್ನು ಸಂಕ್ರಾಂತಿ ಕಳೆದ ಮೇಲಿನ ಭಾನುವಾರಕ್ಕೆ ಇಟ್ಟುಕೊಂಡಿದ್ದರು. ನಾವು ಬುಧವಾರವೇ ಹೊರಟೆವು. ಬಾಣಂತಿಗೆ ಅಂತ ಒಂದು ಚೀಲ ಉಂಡೆ ಕೊಬ್ಬರಿ ಹಾಕಿಕೊಂಡಿದ್ದೆ. ತಿಪಟೂರಿನವರು ಬರಿಗೈಯಲ್ಲಿ ಹೋದರೆ ಹೇಗೆ? ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡಬೇಕು. ಒಳಗಿನ ನೀರು ತಾನಾಗೇ ಆರಿ, ಅಲ್ಲಾಡಿಸಿದರೆ ಗಟಗಟ ಅನ್ನಬೇಕು. ಆಗ ಚಿಪ್ಪು ಒಡೆದರೆ ಕೊಬ್ಬರಿ ಉಂಡೆಯಾಗಿ ಬರುತ್ತದೆ. ಅದರ ಜೊತೆ ಬೆಲ್ಲ, ಒಣಶುಂಠಿ, ಬಜೆ ಬೇರು, ಬೆಳ್ಳಿಯ ಉಡಿದಾರ. ಅತ್ತೆ ತಮ್ಮ ಹಳೆಯ ಹತ್ತಿ ಸೀರೆಗಳನ್ನು ಒಗೆದು, ಹರಿದು, ಮಡಚಿ ಇಟ್ಟುಕೊಂಡಿದ್ದರು. ಹೊಸ ಬಟ್ಟೆ ಕೂಸಿಗೆ ಒತ್ತುತ್ತದೆ ಅನ್ನುವುದು ಅವರ ಮಾತು.

ಗುಬ್ಬಿ ದಾಟಿ ತುಮಕೂರು ಸೇರಿದೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಸಿದ್ಧಗಂಗೆಗೆ ಹೋದೆವು. ಯಜಮಾನರು ಹುಡುಗನಾಗಿದ್ದಾಗ ಅಲ್ಲೇ ಊಟ ಮಾಡಿ ಓದಿದವರು. ಶಿವಕುಮಾರ ಸ್ವಾಮಿಗಳು 2019ರ ಜನವರಿಯಲ್ಲಿ, 111ನೇ ವಯಸ್ಸಿನಲ್ಲಿ ಹೋದಾಗ ಮನೆಯವರೇ ಹೋದ ಹಾಗೆ ಅತ್ತವರು. ಗದ್ದುಗೆಗೆ ಕೈಮುಗಿದು ಬಂದು, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆ ಡ್ರೈವರ್ ಹುಡುಗನಿಗೆ ಅಷ್ಟಾದರೂ ಬಿಡುವು ಸಿಕ್ಕಿತು. ಯಜಮಾನರು ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು. ಪಕ್ಕದಲ್ಲಿ ಕೂತರೆ ಅವರ ಬಲಗಾಲು ತಾನಾಗೇ ಬ್ರೇಕ್ ಒತ್ತುತ್ತದೆ.

ಕೊರಟಗೆರೆ ಕಡೆ ತಿರುಗಿದ ಮೇಲೆ ಅವರ ಬಾಯಿ ಮತ್ತೆ ಬಂತು. ದೇವರಾಯನದುರ್ಗದ ಬೆಟ್ಟಗಳನ್ನು ತೋರಿಸಿ, "ಶಿಂಷಾ ಹುಟ್ಟೋದೂ ಅಲ್ಲೇ, ಜಯಮಂಗಲಿ ಹುಟ್ಟೋದೂ ಅಲ್ಲೇ. ಒಂದು ಕಾವೇರಿಗೆ ಹೋಗುತ್ತೆ, ಇನ್ನೊಂದು ಉತ್ತರ ಪಿನಾಕಿನಿಗೆ" ಅಂದರು. ಆ ರಾತ್ರಿ ಗೊರವನಹಳ್ಳಿಯಲ್ಲಿ ಉಳಿದೆವು. ಜಯಮಂಗಲಿಗೆ ಕಟ್ಟಿರುವ ತೀತಾ ಜಲಾಶಯ ಅಲ್ಲೇ ಹತ್ತಿರ. ಬೆಳಿಗ್ಗೆ ಮಹಾಲಕ್ಷ್ಮಿ ದರ್ಶನಕ್ಕೆ ಜನ ಜಾಸ್ತಿ ಇರಲಿಲ್ಲ, ಅತ್ತೆಯನ್ನು ಕೈಹಿಡಿದು ನಿಧಾನಕ್ಕೆ ಕರೆದುಕೊಂಡು ಹೋಗಲು ಅನುಕೂಲವಾಯಿತು.

ಮಧುಗಿರಿ ಕಡೆ ಹೊರಟರೆ ರಸ್ತೆ ತುಂಬ ಒಕ್ಕಣೆ. ಒಂದು ಕಡೆ ರಾಗಿ ತೆನೆ ಹರಡಿದ್ದಾರೆ, ಇನ್ನೊಂದು ಕಡೆ ಹುರುಳಿ. ಅಂಚಿಗೆ ಕಲ್ಲು ಜೋಡಿಸಿ, ಪೊರಕೆ ಹಿಡಿದು ಹೆಂಗಸರು ನಿಂತಿದ್ದಾರೆ. ಡ್ರೈವರ್ ಹುಡುಗ ಬೈದುಕೊಂಡು ಪಕ್ಕಕ್ಕೆ ಎಳೆಯಲು ನೋಡಿದ.

"ರಾಗಿ ಮೇಲೆ ಹೋಗು, ಏನೂ ಆಗಲ್ಲ. ಹುರುಳಿ ಕಂಡರೆ ನಿಲ್ಲಿಸು" ಅಂದರು ಯಜಮಾನರು. ಹುರುಳಿ ಬಳ್ಳಿ ಗಾಡಿಯ ಅಡಿಗೆ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ. ಓಡಿ ಓಡಿ ಬಿಸಿಯಾದರೆ ಹೊತ್ತಿಕೊಳ್ಳುವುದೂ ಉಂಟು. ಬಸ್ ಓಡಿಸುತ್ತಿದ್ದ ಕಾಲದಲ್ಲಿ ಕುಡುಗೋಲು ಇಟ್ಟುಕೊಂಡೇ ಓಡಾಡುತ್ತಿದ್ದರಂತೆ. ಬೈಕಿನವರು ಜಾರಿ ಬೀಳುವುದಂತೂ ಪ್ರತಿ ವರ್ಷ ಇದ್ದದ್ದೇ. ಹಾಗಂತ ಹೇಳುತ್ತಿದ್ದರೆ ಮಂಚದ ಮೇಲಿಂದ ಅತ್ತೆಯ ದನಿ ಬಂತು.

"ಕಣ ಮಾಡೋಕೆ ಜಾಗ ಎಲ್ಲಿದೆ ಈಗ? ಜಾಗ ಇದ್ದರೂ ಸಗಣಿ ಹಾಕಿ ಸಾರಿಸೋರು ಯಾರು? ರೋಣಗಲ್ಲು ಎಳೆಯೋಕೆ ಎತ್ತು ಎಲ್ಲಿದೆ? ಬೈಯಬೇಡ ಮಗ, ಹತ್ತಿಸು ಗಾಡಿನ."

ಹುಡುಗ ಹತ್ತಿಸಿದ. ಗಾಡಿಯ ಅಡಿಯಲ್ಲಿ ತೆನೆ ಚರಚರ ಅಂತು. ಅತ್ತೆ ಕಿಟಕಿಯಿಂದ ತಲೆ ಹಾಕಿ ಆ ಹೆಂಗಸರನ್ನು, "ಎಷ್ಟು ಮೂಟೆ ಆಯ್ತವ್ವ?" ಅಂತ ಕೇಳಿದರು. ಅವರು ಇವರ ಊರು ಕೇಳಿದರು, ಎಲ್ಲಿಗೆ ಅಂತ ಕೇಳಿದರು. ಮರಿಮೊಮ್ಮಗಳು ಅಂತ ಗೊತ್ತಾದ ಮೇಲೆ ಒಬ್ಬಾಕೆ ಒಂದು ಸೇರು ಹೊಸ ರಾಗಿ ತಂದು ಸೆರಗಿಗೆ ಸುರಿದಳು. ಗಾಡಿ ನಿಂತರೆ ಒಂದೇ ಸಮ ನಿಲ್ಲುತ್ತಿತ್ತು. ಯಾರಿಗೂ ಆತುರ ಇರಲಿಲ್ಲವಲ್ಲ.

ಮಧುಗಿರಿ ಬೆಟ್ಟವನ್ನು ಕೆಳಗಿನಿಂದಲೇ ನೋಡಿದೆವು. ಒಂದೇ ಬಂಡೆ, ಸಮುದ್ರಮಟ್ಟದಿಂದ 3,900 ಅಡಿಗಿಂತ ಎತ್ತರ, ಮೈಮೇಲೆ ಕೋಟೆ. ಅಲ್ಲಿಂದ ಮುಂದಿನದು ಮೊದಲು 234 ಅನ್ನುತ್ತಿದ್ದ ಹೆದ್ದಾರಿ. ಮಂಗಳೂರಿನ ಕಡೆಯಿಂದ ಬಂದು ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ ಮೇಲೆ ಮುಳಬಾಗಿಲಿಗೆ ಹೋಗುತ್ತದೆ. ಬೆಂಗಳೂರನ್ನು ಮರೆತು ಪೂರ್ವಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಗೌರಿಬಿದನೂರಿನಲ್ಲಿ ನಮ್ಮ ನೆಂಟರ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿದೆವು. ನೀರು ತುಂಬಿಸಿ, ಬ್ಯಾಟರಿ ಚಾರ್ಜಿಗೆ ಹಾಕಿ, ಆ ಇನ್ನೊಂದು ಟ್ಯಾಂಕನ್ನೂ ಖಾಲಿ ಮಾಡಿಕೊಂಡೆವು. ಕ್ಯಾರವಾನ್ ಜಾಹೀರಾತುಗಳಲ್ಲಿ ಈ ಕೆಲಸದ ಚಿತ್ರ ಹಾಕುವುದಿಲ್ಲ.

ಮರುದಿನ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಕರೆಯುತ್ತಾರೆ. ಯಜಮಾನರು ಸ್ಮಾರಕದ ಕಡೆ ಹೋದರು. ನಾನು ಮತ್ತು ಅತ್ತೆ ಅಶ್ವತ್ಥದ ಕಡೆ ಹೋದೆವು. ಅಲ್ಲಿ ಸಾವಿರಾರು ನಾಗರಕಲ್ಲುಗಳಿವೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ತಲೆಮಾರುಗಳಿಂದ ತಂದು ನಿಲ್ಲಿಸಿದ್ದು. ಸಾಲು ಸಾಲಾಗಿ, ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಹೊಸ ಕಲ್ಲಿನ ಅರಿಶಿನ ಇನ್ನೂ ಹಸಿ, ಹಳೆಯದರಲ್ಲಿ ಹೆಡೆಯೇ ಸವೆದಿದೆ.

ಅತ್ತೆ ಒಂದು ಸಾಲಿನ ಮುಂದೆ ನಿಂತು, "ಇದಕ್ಕೂ ಇದಕ್ಕೂ ಅರಿಶಿನ ಕುಂಕುಮ ಇಡು" ಅಂದರು. ಯಾಕೆ ಆ ಎರಡಕ್ಕೇ ಅಂತ ಕೇಳಿದೆ.

"ನಿನ್ನ ಗಂಡನಿಗೆ ಮುಂಚೆ ಎರಡು ಕೂಸು. ಒಂದು ಹದಿನೈದು ದಿನ ಇತ್ತು. ಇನ್ನೊಂದನ್ನ ತೊಟ್ಟಿಲಿಗೂ ಹಾಕಲಿಲ್ಲ."

ನಾನು ಆ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಯಿತು. ಈ ಮಾತನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಗಂಡೋ ಹೆಣ್ಣೋ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಇಟ್ಟೆ. ಅತ್ತೆ ಕೈಮುಗಿದು, "ಬಾ, ಕಾಫಿ ಎಲ್ಲಿ ಸಿಗ್ತದೆ ನೋಡು" ಅಂದರು. ಕಾಫಿ ಕುಡಿಯುವಾಗ ಯಜಮಾನರು ಬಂದು, ಬಾವುಟ ಸತ್ಯಾಗ್ರಹದ ಬಗ್ಗೆ ನೋಡಿದ್ದನ್ನೆಲ್ಲ ಹೇಳಿದರು. ಗೋಲಿಬಾರ್ ಆದ ಮೇಲೆ ಮೈಸೂರು ದಿವಾನ ಮಿರ್ಜಾ ಇಸ್ಮಾಯಿಲ್ ಸರ್ಕಾರ ಸರ್ದಾರ್ ಪಟೇಲರ ಜೊತೆ ಮಾತಾಡಿ, ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಒಪ್ಪಿತಂತೆ. ಅತ್ತೆ ಎಲ್ಲ ಕೇಳಿಸಿಕೊಂಡರು. ಆ ಎರಡು ಕೂಸುಗಳ ವಿಷಯ ಗೊತ್ತೇ ಅಂತ ನಾನು ಯಜಮಾನರನ್ನು ಕೇಳಿದ್ದು ಊರಿಗೆ ಬಂದ ಮೇಲೆ. ಗೊತ್ತಿರಲಿಲ್ಲ.

ನಂದಿಯಲ್ಲಿ ಬೆಟ್ಟ ಹತ್ತುವ ಮಾತೇ ಇರಲಿಲ್ಲ, ಕೆಳಗಿನ ಭೋಗನಂದೀಶ್ವರನೇ ಸಾಕು. ಸಮತಟ್ಟು ಜಾಗ, ದೊಡ್ಡ ಅಂಗಳ. ಇಲ್ಲಿನ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಅನ್ನುತ್ತಾರೆ. ಅತ್ತೆ ಬಾಲ್ಯಕ್ಕೆ ಮಾತ್ರ ಹಣ್ಣುಕಾಯಿ ಮಾಡಿಸಿದರು.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡಬೇಕು ಅಂತ ನನಗೆ ಆಸೆಯಿತ್ತು, ಹೊತ್ತು ಮೀರಿತ್ತು. ರಸ್ತೆ ಬದಿಯಲ್ಲಿ ಅವರೆಕಾಯಿ ರಾಶಿ ಕಂಡಾಗ ಮಾತ್ರ ಬಿಡಲಿಲ್ಲ. ಸೊಗಡು ಎಂಥದ್ದು ಅಂದರೆ ಗಾಡಿಯ ಒಳಗೆ ಬೇರೆ ಯಾವ ವಾಸನೆಯೂ ಉಳಿಯಲಿಲ್ಲ. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತು ಸುಲಿದರು. ಕೈವಾರದಲ್ಲಿ ಬೇವಿನ ಮರದ ಕೆಳಗೆ ಒಲೆ ಹಚ್ಚಿ, ಅವರೆಕಾಳು ಸಾರು, ಮಧುಗಿರಿ ದಾರಿಯ ಹೊಸ ರಾಗಿಯನ್ನು ಚಿಂತಾಮಣಿಯಲ್ಲಿ ಬೀಸಿಸಿಕೊಂಡಿದ್ದರಿಂದ ಅದರ ಮುದ್ದೆ. ಬಾಣಂತಿಗೆ ಅವರೆ ಕೊಡುವುದಿಲ್ಲ, ವಾಯು. ಅವಳ ಪಾಲನ್ನೂ ನಾವೇ ತಿಂದೆವು.

ಚಿಂತಾಮಣಿಯಿಂದಲೇ ಮಾತು ಬದಲಾಗಿತ್ತು. ಅಂಗಡಿಯವರು ತೆಲುಗಿನಲ್ಲಿ ಶುರು ಮಾಡಿ, ನಮ್ಮ ಮುಖ ನೋಡಿ ಕನ್ನಡಕ್ಕೆ ಬರುತ್ತಿದ್ದರು. ಕೈವಾರದ ಸಂತಕವಿ ತಾತಯ್ಯನವರು ಎರಡರಲ್ಲೂ ಹಾಡಿದವರು, ಅಲ್ವಾ? ನಮ್ಮ ಬೀಗರ ಮನೆಯಲ್ಲೂ ಹಾಗೇ. ಸೊಸೆ ಫೋನಿನಲ್ಲಿ ಅಮ್ಮನ ಜೊತೆ ತೆಲುಗು ಮಾತಾಡಿದರೆ ಅತ್ತೆ, "ನನ್ನ ಬಗ್ಗೆ ಏನಾದ್ರೂ ಅಂತಿದಾಳಾ?" ಅಂತ ಕೇಳುತ್ತಿದ್ದ ಕಾಲ ಒಂದಿತ್ತು.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಅಲ್ಲೊಂದು ಇಲ್ಲೊಂದು ಮರ ಹೂ ಬಿಟ್ಟಿತ್ತು. ಕೆಲವು ಕೆರೆಗಳಲ್ಲಿ ನೀರಿತ್ತು. ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಹರಿಸುತ್ತಿದ್ದಾರೆ. ಬೋರ್‌ವೆಲ್‌ಗೆ ಜೀವ ಬಂತು ಅನ್ನುವವರೂ ಇದ್ದಾರೆ, ಮೂರನೇ ಹಂತದವರೆಗೆ ಶುದ್ಧ ಮಾಡಿ ಕೊಡಿ ಅಂತ ಹೋರಾಡುವವರೂ ಇದ್ದಾರೆ. ಸಾವಿರ ಅಡಿ ಕೊರೆದು ಬರೀ ದೂಳು ನೋಡಿದ ಊರುಗಳು ಇವು. ನೀರು ಬೇಡ ಅನ್ನುವ ಹಾಗಿಲ್ಲ, ಎಂಥ ನೀರು ಅಂತ ಕೇಳದೆ ಇರುವ ಹಾಗೂ ಇಲ್ಲ.

ಮುಳಬಾಗಿಲು ಸೇರುವ ಮುಂಚೆ ಆವಣಿಗೆ ಹೋಗಲೇಬೇಕು ಅಂತ ಅತ್ತೆ ಹಟ ಹಿಡಿದರು. ಸೀತಮ್ಮ ಲವ ಕುಶರನ್ನು ಹೆತ್ತಿದ್ದು ಅಲ್ಲೇ ಅನ್ನುವ ನಂಬಿಕೆಯಿದೆ. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳಿವೆ. ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ಅತ್ತೆ ಬೆಟ್ಟವನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ತುಂಬು ಬಸುರಿ ಇದನ್ನ ಹತ್ತಿದಳಾ? ಪಾಪ, ಬಾಣಂತನ ಯಾರು ಮಾಡಿದ್ರೋ" ಅಂದರು.

ಬೀಗರ ಬೀದಿ ಕಿರಿದು, ಕರೆಂಟ್ ವೈರು ತಗ್ಗು. ಯಜಮಾನರು ಇಳಿದು, ಕೈ ಮೇಲೆತ್ತಿ, "ಬರಲಿ, ಬರಲಿ, ಹೋಲ್ಡಾನ್" ಅಂತ ಕಂಡಕ್ಟರ್ ಕೆಲಸ ಮಾಡಿ ಗಾಡಿ ಒಳಗೆ ತಂದರು. ಬೀದಿಯ ಮಕ್ಕಳೆಲ್ಲ ಗಾಡಿ ಹತ್ತಿದರು. ಬೀಗಿತ್ತಿ ಆರತಿ ತಂದರು. ಅತ್ತೆ ಕಾಲು ತೊಳೆದು ನೇರ ಬಾಣಂತಿ ಕೋಣೆಗೆ ಹೋದರು. ಬೆಳ್ಳುಳ್ಳಿ, ಲೋಬಾನದ ಹೊಗೆ, ಎಣ್ಣೆ. ಮಗುವನ್ನು ಮಡಿಲಿಗೆ ಕೊಟ್ಟಾಗ ಮೊದಲು ಮಾಡಿದ ಕೆಲಸ ಅಂದರೆ ನೆತ್ತಿ ಮೂಸಿದ್ದು.

ಭಾನುವಾರ ತೊಟ್ಟಿಲು ಶಾಸ್ತ್ರ. ನನ್ನ ಮಗಳು ಬೆಂಗಳೂರಿನಿಂದ ಬಂದು, ಸೋದರತ್ತೆಯಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಆ ಹೆಸರನ್ನು ಇಲ್ಲಿ ಬರೆಯಬೇಡಿ ಅಂತ ಮಗನ ಕಟ್ಟಪ್ಪಣೆ. ಮುಳಬಾಗಿಲು ದೋಸೆ, ಹೋಳಿಗೆ, ಊಟ ಭರ್ಜರಿಯಾಗಿತ್ತು. ಸೊಸೆಯ ಅಜ್ಜಿಗೆ ಕನ್ನಡ ಅಷ್ಟಾಗಿ ಬರದು, ನಮ್ಮ ಅತ್ತೆಗೆ ತೆಲುಗು ಬರದು. ಇಬ್ಬರೂ ತೊಟ್ಟಿಲ ಎರಡು ಕಡೆ ಕೂತು ಮಧ್ಯಾಹ್ನವೆಲ್ಲ ಮಾತಾಡಿದರು. ಮಂಡಿ ನೋವಿಗೆ ಯಾವ ಎಣ್ಣೆ ಅನ್ನುವುದು ಮಾತ್ರ ನನಗೆ ಅರ್ಥವಾಯಿತು.

ಹೊರಡುವಾಗ ಸೊಸೆ ಬಾಗಿಲ ಬಳಿ ಬಂದು, "ಅತ್ತೆ, ಐದನೇ ತಿಂಗಳಿಗೆ ನಮ್ಮನ್ನ ಕರ್ಕೊಂಡು ಹೋಗೋಕೆ ಇದೇ ಗಾಡಿ ಕಳಿಸಿ. ಮಗು ಬಟ್ಟೆ ಬದಲಿಸೋಕೂ ಅನುಕೂಲ" ಅಂದಳು. ಯಜಮಾನರು ಆಗಲೇ ಡ್ರೈವರ್ ಹುಡುಗನನ್ನು ಪಕ್ಕಕ್ಕೆ ಕರೆದು ಬಾಡಿಗೆ ಚೌಕಾಸಿ ಶುರು ಮಾಡಿದ್ದರು. ಅತ್ತೆ ಒಳಗಿನಿಂದ ಕೂಗಿದರು: "ನಾನೂ ಬರ್ತೀನಿ ಅಂತ ಹೇಳು. ಮಂಚ ಎರಡೇ ಇರೋದು, ಒಂದು ನಂದು."