ಸೊನ್ನೆಯಿಂದ ಶುರುವಾಗುವ ತಿಂಗಳು

ಸಹಪಾಠಿಗಳಿಗೆ ಅಸೈನ್‌ಮೆಂಟ್‌ಗಳ ಗಡುವನ್ನು ನೆನಪಿಸಲೆಂದು ಈ ಸೆಮಿಸ್ಟರ್‌ನಲ್ಲಿ ನಾನು ಕಟ್ಟುತ್ತಿರುವ ಪುಟ್ಟ ಜಾಲತಾಣದಲ್ಲಿ, ಮಾರ್ಚ್ ತಿಂಗಳ ದಿನಾಂಕಗಳೆಲ್ಲ ಏಪ್ರಿಲ್‌ಗೆ ಜಿಗಿಯುತ್ತಿದ್ದುದರ ಕಾರಣ ನಿನ್ನೆ ರಾತ್ರಿ ಕೊನೆಗೂ ಸಿಕ್ಕಿತು. ಜಾಲತಾಣಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್ ತಾರೀಖನ್ನು 1ರಿಂದ ಎಣಿಸಿದರೂ ತಿಂಗಳನ್ನು ಮಾತ್ರ ಸೊನ್ನೆಯಿಂದ ಎಣಿಸುವುದರಿಂದ, ಮಾರ್ಚ್ ಎಂದು ನಾನು ಕೊಟ್ಟ 3 ಅದರ ಪಾಲಿಗೆ ಏಪ್ರಿಲ್ ಆಗಿತ್ತು. 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಈ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದ ಆ ಅವಸರದ ಕಾಲದಲ್ಲಿ ದಿನಾಂಕದ ಈ ವ್ಯವಸ್ಥೆಯನ್ನು ಜಾವಾ ಎಂಬ ಇನ್ನೊಂದು ಭಾಷೆಯಿಂದ ಎರವಲು ತರಲಾಯಿತು. ಈಗ ಬದಲಿಸಿದರೆ ಹಳೆಯ ಪುಟಗಳು ಕೆಡುತ್ತವೆಂದು ಜಾಲವು ಅದನ್ನು ಇನ್ನೂ ಹೊತ್ತುಕೊಂಡಿದೆ. ತಿದ್ದಲು ಬೇಕಾದದ್ದು ಒಂದನ್ನು ಕಳೆಯುವ ಲೆಕ್ಕ, ಹುಡುಕಲು ಹಿಡಿದದ್ದು ಮೂರು ಸಂಜೆ! ಯಾರದೋ ಅವಸರ ಇಷ್ಟು ವರ್ಷಗಳ ನಂತರ ನನ್ನ ನಿದ್ದೆಗೆ ಬಂದು ತಗಲಿತಲ್ಲ ಎಂದು ಸಿಟ್ಟಾಗುವಷ್ಟರಲ್ಲಿ, ಅದೇ ಕೋಡಿನಲ್ಲಿ ನಾನು ‘ಆಮೇಲೆ ಸರಿಪಡಿಸಬೇಕು’ ಎಂದು ಬರೆದಿಟ್ಟ ಏಳು ಟಿಪ್ಪಣಿಗಳು ಕಣ್ಣಿಗೆ ಬಿದ್ದವು.